ಕಲ್ಲುಹೂವಿನ ಡಾಕ್ಟರು ರೊಟ್ಟಿ ಪರೀಕ್ಷೆಗೆ ಕೂತದ್ದು

ಕುವೋಪಿಯೋ ಪಟ್ಟಣದ ಬೇಕರಿಯಲ್ಲಿ ರೈ ಧಾನ್ಯದ ರೊಟ್ಟಿ ತಟ್ಟುವ ಹಿಲ್ಲೆವಿ ಕಲ್ಲುಹೂವಿನ ಮೇಲೆ ಆರು ವರ್ಷ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವಳು. ಇಡೀ ಫಿನ್‌ಲೆಂಡಿನಲ್ಲಿ ಕಲ್ಲುಹೂವು ಯಥೇಚ್ಛ. ಅದಕ್ಕೆ ಸಂಬಳ ಕೊಡುವವರು ಮಾತ್ರ ಯಾರೂ ಇರಲಿಲ್ಲ.

ಪಕ್ಕದಲ್ಲಿ ನಿಂತು ಅದೇ ಹಿಟ್ಟು ನಾದುವ ಔನೆಗೆ ಗಂಟೆಗೆ ಎರಡು ಯೂರೋ ಹೆಚ್ಚು ಎಂದು ಒಂದು ದಿನ ಕಾಫಿ ಹೊತ್ತಿನಲ್ಲಿ ಗೊತ್ತಾಯಿತು. ಹಿಲ್ಲೆವಿಗೆ ಮೈ ಉರಿದುಹೋಯಿತು. ಮರುದಿನವೇ ಪದವಿಪತ್ರ ಹಿಡಿದು ಮೇಲ್ವಿಚಾರಕ ತೌನೋನ ಮುಂದೆ ನಿಂತಳು.

"ಔನೆ ಹತ್ರ ಬೇಕರಿ ಸರ್ಟಿಫಿಕೇಟ್ ಇದೆ," ಎಂದ ತೌನೋ. "ಸಂಬಳದ ಒಪ್ಪಂದದಲ್ಲಿ ಹೆಚ್ಚಿನ ದುಡ್ಡು ಇರೋದು ಅದಕ್ಕೇ. ನಿಂದು ಕಲ್ಲುಹೂವು. ನಾವೇನು ಕಲ್ಲುಹೂವಿನ ರೊಟ್ಟಿ ಮಾರ್ತೀವಾ?"

"ಹಾಗಾದ್ರೆ ಆ ಪರೀಕ್ಷೆಗೂ ಕೂತ್ಕೋತೀನಿ!"

ಜುಲೈ ತಿಂಗಳ ಸೆಕೆಯಲ್ಲಿ ಪರೀಕ್ಷಕರಿಬ್ಬರು ಬೇಕರಿಗೇ ಬಂದರು. ಹಿಲ್ಲೆವಿ ಹಿಟ್ಟಿಗೆ ಥರ್ಮಾಮೀಟರ್ ಚುಚ್ಚಿ, ಐದೈದು ನಿಮಿಷಕ್ಕೂ ಪುಸ್ತಕದಲ್ಲಿ ಅಂಕಿ ಬರೆಯುತ್ತಾ ಕೂತಳು. ಬರೆಯುವ ಭರದಲ್ಲಿ ಹಿಟ್ಟು ಹುಳಿಯೇರಿ, ಉಬ್ಬಿ, ತೊಟ್ಟಿ ದಾಟಿ ಪರೀಕ್ಷಕರ ಬೂಟಿನತ್ತ ಹೊರಟದ್ದು ಅವಳಿಗೆ ಕಾಣಲೇ ಇಲ್ಲ. ಓದಿ ಓದಿ ಮರುಳಾದ ಕೂಚುಭಟ್ಟನ ಅಕ್ಕ ಇವಳೇ ಇರಬೇಕು.

"ಪುಸ್ತಕ ಬಿಸಾಕೇ! ಕೈ ಹಾಕೇ!" ಔನೆ ಕಿರುಚಿದಳು.

ಹಿಲ್ಲೆವಿ ಮೊಣಕೈವರೆಗೂ ಹಿಟ್ಟಿಗಿಳಿದಳು. ಮೂಗಿಗೆ ಹಿಟ್ಟು, ಕೂದಲಿಗೆ ಹಿಟ್ಟು. ನಗು ತಡೆಯಲಾಗದೆ ಬಿಕ್ಕಳಿಕೆಯೇ ಬಂತು. ಪರೀಕ್ಷಕರಲ್ಲಿ ಹಿರಿಯಾಕೆಯೂ ತುಟಿ ಕಚ್ಚಿಕೊಂಡಳು. ಉಳಿದ ಹಿಟ್ಟಿನಲ್ಲಿ ಆರೇ ರೊಟ್ಟಿ ಆದವು. ಹಿರಿಯಾಕೆ ಒಂದನ್ನು ಮಗುಚಿ, ಬೆಂದಿದೆಯೇ ಎಂದು ತಳಕ್ಕೆ ಬೆರಳಿನಿಂದ ಬಡಿದು ಕಿವಿಗೊಟ್ಟಾಗ ಹಿಲ್ಲೆವಿಯೂ ಪಕ್ಕದಲ್ಲೇ ಬಗ್ಗಿ ಕಿವಿಯಿಟ್ಟಳು. ಪ್ರೊಫೆಸರುಗಳ ಎದುರು ಪ್ರಬಂಧ ಸಮರ್ಥಿಸುವಾಗಲೂ ಇಷ್ಟು ಹೆದರಿರಲಿಲ್ಲ.

"ಬೆಂದಿದೆ. ಪಾಸು."

ಸರ್ಟಿಫಿಕೇಟ್ ಬಂದ ದಿನ ಹಿಲ್ಲೆವಿ, ಅಲ್ಲಿ ಡಾಕ್ಟರೇಟ್ ಪಡೆದವರು ಧರಿಸುವ ಉದ್ದನೆಯ ಕರಿಟೋಪಿ ಇಟ್ಟು, ಏಪ್ರನ್ ಮೇಲೆ ಅದರ ಜೊತೆಯ ಕತ್ತಿ ಕಟ್ಟಿಕೊಂಡೇ ಕೆಲಸಕ್ಕೆ ಬಂದಳು. "ಕತ್ತಿ ಬಾಗಿಲಾಚೆ ಇಡು, ಶುಚಿತ್ವದ ನಿಯಮ," ಎಂದ ತೌನೋ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಒಂದನೇ ತಾರೀಖಿಂದ ಗಂಟೆಗೆ ಎರಡು ಯೂರೋ ಜಾಸ್ತಿ."

ಹಿಲ್ಲೆವಿ ಹೋ ಎಂದು ಕೂಗಿ ಔನೆಯನ್ನು ತಬ್ಬಿ ಒಲೆಯ ಸುತ್ತ ಗಿರಗಿರ ತಿರುಗಿಸಿದಳು.

"ಬಿಡೇ, ತಲೆ ಸುತ್ತುತ್ತೆ!" ಔನೆ ಏದುಸಿರು ಬಿಟ್ಟಳು. "ನಾಳೆ ಯೂನಿವರ್ಸಿಟಿಯವರು ಕಲ್ಲುಹೂವು ನೋಡ್ಕೋ ಬಾ ಅಂದ್ರೆ ಹೋಗ್ತೀಯಾ?"

"ಓಡ್ತೀನಿ," ಎಂದಳು ಹಿಲ್ಲೆವಿ. ಆರು ವರ್ಷದಲ್ಲಿ ಒಮ್ಮೆಯೂ ಬಾಯಿಗೆ ಬಾರದ ಮಾತು ಈಗ ತಾನಾಗಿ ಬಂತು. "ಆದ್ರೆ ಎಷ್ಟು ಕೊಡ್ತೀರಿ ಅಂತ ಮೊದ್ಲು ಕೇಳ್ತೀನಿ."