ಕುಂಕುಮದ ಕೆಳಗಿನ ಪ್ಲಸ್ಸು

ನಮ್ಮ ಅಜ್ಜಿಯ ಪ್ರಕಾರ ಬೆಳಗುವುದೆಲ್ಲ ದೀಪವೇ. ಎಪ್ಪತ್ತರ ದಶಕದಲ್ಲಿ ವಿಜಯನಗರದ ನಮ್ಮ ಮನೆ ಮುಂದೆ ಅಪ್ಪನ ಹಳೆಯ ಕಾರೊಂದು ನಿಂತಿರುತ್ತಿತ್ತು. ಆ ವರ್ಷದ ಆಯುಧಪೂಜೆಗೆ ಅಪ್ಪ ಅದನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಬಾನೆಟ್ ಎತ್ತಿ ಬ್ಯಾಟರಿಗೂ ಬಿಡದೆ ಗಂಧ ಕುಂಕುಮ ಮೆತ್ತಿದರು. ಮಂಗಳಾರತಿಯ ಹೊತ್ತಿಗೆ ಕಳೆಯಾಗಿರಲಿ ಎಂದು ಕಾರಿನ ಹೆಡ್‌ಲೈಟನ್ನೂ ಹಾಕಿದರು. ಪೂಜೆ ಮುಗಿದ ಮೇಲೆ ಆರಿಸಲು ಹೋದರೆ ಅಜ್ಜಿ ಬಿಡಬೇಕಲ್ಲ!

"ಪೂಜೆಗೆ ಹಚ್ಚಿದ ದೀಪಾನ ಯಾರಾದ್ರೂ ಕೈಯಾರೆ ಆರಿಸ್ತಾರೇನೋ? ಅದಾಗೇ ಶಾಂತವಾಗ್ಲಿ ಬಿಡು."

ಅಪ್ಪ ಆಫೀಸಿನಲ್ಲಿ ಹತ್ತಾರು ಜನರನ್ನು ಗದರಿಸುವವರು. ತಾಯಿಯ ಮುಂದೆ ಮಾತ್ರ ಅವರ ಬಾಯಿ ಬಿದ್ದುಹೋಗುತ್ತಿತ್ತು. ಬೆಳಗಾಗುವಷ್ಟರಲ್ಲಿ ದೀಪ ಶಾಂತವಾಗಿತ್ತು, ಬ್ಯಾಟರಿಯೂ ಅದರ ಹಿಂದೆಯೇ ಹೋಗಿತ್ತು.

ನನಗೆ ಉರಿದುಹೋಯಿತು. ನಾನು ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದುಕೊಂಡು ಎಷ್ಟೋ ತಿಂಗಳಾಗಿದ್ದವು. ಸ್ಕೂಲಿನಲ್ಲಿ ಮಕ್ಕಳ ಒಂದು ದೊಡ್ಡ ಹಿಂಡನ್ನೇ ಸಂಭಾಳಿಸುತ್ತಿದ್ದ ಟೀಚರು ನಾನು, ನನ್ನ ಕೈಗೆ ಅಪ್ಪ ಕಾರಿನ ಕೀ ಮಾತ್ರ ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ "ವಿಜಯದಶಮಿ ದಿನ ಶುರು ಮಾಡು" ಎಂದು ಮುಂದಕ್ಕೆ ಹಾಕುತ್ತಿದ್ದರು. ಆ ದಶಮಿ ಬಂದಿತ್ತು. ಅಜ್ಜಿಯನ್ನು ಕೆಂಗೇರಿಯ ಅತ್ತೆಯ ಮನೆಗೆ ನಾನೇ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಕೀ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ಹೊಸ ಸೀರೆ ಉಟ್ಟ ಅಮ್ಮನೂ ಸೇರಿ ಬೀದಿಯ ತುದಿಯವರೆಗೆ ತಳ್ಳಿದೆವು. ಮತ್ತೆ ಬೀದಿಯ ಈ ತುದಿಗೆ ತಳ್ಳಿಕೊಂಡು ಬಂದೆವು.

"ಶಕುನ ಸರಿಯಿಲ್ಲ ಕಣೇ. ಸ್ಟಾರ್ಟ್ ಆದ್ರೂ ಇವತ್ತು ನಾನೇ ಓಡಿಸ್ತೀನಿ. ನಿಂದು ಮುಂದಿನ ದಶಮಿಗೆ ನೋಡೋಣ" ಎಂದರು ಅಪ್ಪ. ದೀಪ ಆರಿಸದವರು ಅವರು, ವರ್ಷ ಕಾಯಬೇಕಾದವಳು ನಾನು!

ನಮ್ಮ ಪಾಡು ನೋಡಲಾರದೆ ಎದುರುಮನೆಯವರು ತಮ್ಮ ಕಾರನ್ನು ಹೊರಡಿಸಿ, ನಮ್ಮ ಕಾರಿಗೆ ಮುಖ ಮಾಡಿ, ಮುಟ್ಟದಷ್ಟು ದೂರದಲ್ಲಿ ತಂದು ನಿಲ್ಲಿಸಿ ಆಫ್ ಮಾಡಿದರು. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ ತಮ್ಮ ಬ್ಯಾಟರಿಯ ಮೇಲೆ ಹೆತ್ತ ಮಗುವಿನಷ್ಟು ಅಕ್ಕರೆ. ಅದರಿಂದ ನಮ್ಮದಕ್ಕೆ ಕರೆಂಟು ಕೊಡಲೆಂದು ಎರಡು ದಪ್ಪ ಕೇಬಲ್ ಹಿಡಿದುಕೊಂಡು ನಮ್ಮ ಬಾನೆಟ್ಟಿನೊಳಗೆ ಇಣುಕಿದವರು ಹಾಗೇ ನಿಂತುಬಿಟ್ಟರು.

"ಸಾರ್, ಇದ್ರಲ್ಲಿ ಪ್ಲಸ್ ಯಾವ್ದು, ಮೈನಸ್ ಯಾವ್ದು?"

ಎರಡೂ ಗುರುತಿನ ಮೇಲೆ ಅಪ್ಪನ ಭಕ್ತಿ ಒಂದು ಬೆರಳು ದಪ್ಪ ಕೂತಿತ್ತು. ಎದುರುಮನೆಯವರು ಒರೆಸಲೆಂದು ಬಟ್ಟೆ ತೆಗೆದದ್ದೇ ತಡ, ಅಜ್ಜಿ ಗೇಟಿನಿಂದಲೇ ಕೂಗಿದರು. "ಹಬ್ಬದ ದಿನ ಕುಂಕುಮ ಅಳಿಸ್ತೀರೇನ್ರಪ್ಪಾ? ಮುತ್ತೈದೆಯರಿರೋ ಮನೆ ಇದು!"

"ಅಮ್ಮಾ, ಉಲ್ಟಾ ಕೊಟ್ರೆ ಎರಡು ಬ್ಯಾಟರೀನೂ ಹೋಗುತ್ತೆ. ಸಿಡಿದ್ರೂ ಸಿಡೀಬಹುದು" ಎಂದರು ಎದುರುಮನೆಯವರು. ಅಜ್ಜಿ ಜಗ್ಗಲಿಲ್ಲ. ಅಪ್ಪ ಆಕಾಶ ನೋಡಿದರು.

ನಾನು ಬಗ್ಗಿ, ಕುಂಕುಮದ ಪಕ್ಕದಿಂದ ಬೆರಳು ತೂರಿಸಿ ತಡವಿದೆ. ಅಡಿಯಲ್ಲಿ ಉಬ್ಬಿದ ಅಡ್ಡಗೆರೆ ಸಿಕ್ಕಿತು, ಅದನ್ನು ಸೀಳುವ ಉದ್ದಗೆರೆಯೂ ಸಿಕ್ಕಿತು. ಆ ಕಡೆಯ, ಕೇಬಲ್ ಕಚ್ಚಿಸುವ ಮೊಳೆಯೇ ಇನ್ನೊಂದಕ್ಕಿಂತ ದಪ್ಪವಾಗಿತ್ತು. "ಇದೇ ಪ್ಲಸ್ಸು" ಎಂದೆ. ಅವರೂ ಬೆರಳಾಡಿಸಿ ನೋಡಿ ಒಪ್ಪಿದರು. ಪ್ಲಸ್ಸಿಗೆ ಪ್ಲಸ್ಸು ಕೊಟ್ಟರು. ಇನ್ನೊಂದು ಕೇಬಲ್ಲಿನ ಒಂದು ತುದಿಯನ್ನು ತಮ್ಮ ಮೈನಸ್ಸಿಗೂ, ಇನ್ನೊಂದನ್ನು ಬ್ಯಾಟರಿಯಿಂದ ದೂರಕ್ಕೆ ನಮ್ಮ ಎಂಜಿನ್ನಿನ ಬರಿ ಕಬ್ಬಿಣಕ್ಕೂ ಕಚ್ಚಿಸಿದರು. ಕಿಡಿ ಗಿಡಿ ಹಾರಿದರೆ ಬ್ಯಾಟರಿಯ ಹತ್ತಿರ ಹಾರದಿರಲಿ ಎಂದು. ಆಮೇಲೆ ತಮ್ಮ ಕಾರಿಗೆ ಹತ್ತಿ ಸ್ಟಾರ್ಟ್ ಮಾಡಿ ಕುಳಿತರು.

ಅಷ್ಟರಲ್ಲಿ ಅಜ್ಜಿ ಒಳಗೆ ಹೋಗಿ, ದೃಷ್ಟಿ ತೆಗೆಯಲೆಂದು ಕರ್ಪೂರ ಉರಿಸಿಕೊಂಡು ತಟ್ಟೆಸಮೇತ ಸೀದಾ ಬಾನೆಟ್ಟಿನ ಕಡೆಗೇ ಬಂದರು. "ಬೆಂಕಿ! ಬೆಂಕಿ ತರಬೇಡೀಮ್ಮಾ!" ಎಂದು ಎದುರುಮನೆಯವರು ಕಾರಿನೊಳಗಿಂದಲೇ ಬೊಬ್ಬೆ ಹೊಡೆದರು. ಒಮ್ಮೆ ಹಚ್ಚಿದ ಮೇಲೆ ಅಜ್ಜಿ ಅದನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲವಲ್ಲ. ಅಪ್ಪ ಎರಡೂ ಕೈ ಚಾಚಿ, ಕಬಡ್ಡಿ ಆಡುವವರಂತೆ ತಾಯಿಯನ್ನು ಅಡ್ಡಗಟ್ಟಿದರು. ಕೊನೆಗೆ ಅಜ್ಜಿ ಗೇಟಿನಾಚೆಯೇ ನಿಂತು ದೂರದಿಂದ ಆರತಿ ಎತ್ತಿದರು. ನಡುವೆ ಹಾಲಿನವನು ಸೈಕಲ್ಲಿನಲ್ಲಿ ಹಾದುಹೋದ. ಅರ್ಧ ಆರತಿ ಅವನಿಗೆ ಹೋಯಿತು.

ಅಪ್ಪ ಕಾವಲಿನಲ್ಲಿದ್ದುದರಿಂದ ಸ್ಟೇರಿಂಗಿನ ಮುಂದೆ ಕೂರಲು ಉಳಿದವಳು ನಾನೊಬ್ಬಳೇ. ಕೀ ತಿರುಗಿಸಿದೆ. ಕಾರು ಒಮ್ಮೆ ನರಳಿತು, ಇನ್ನೊಮ್ಮೆ ನರಳಿ ಸ್ಟಾರ್ಟ್ ಆಯಿತು. ನಾನು ಆಕ್ಸಿಲರೇಟರ್ ಒತ್ತಿ ಹಿಡಿದೆ. ಎದುರುಮನೆಯವರು ಮೊದಲು ಕಬ್ಬಿಣದ್ದು, ಆಮೇಲೆ ಉಳಿದವು ಎಂದು ಹಾಕಿದ್ದಕ್ಕೆ ತಿರುಗುಮುರುಗಾಗಿ ಕೇಬಲ್ ಬಿಚ್ಚಿದರು.

"ಕಾಲು ತೆಗೀಬೇಡಮ್ಮಾ! ಅರ್ಧ ಗಂಟೆ ಓಡಿಸು. ಈಗ ಆಫ್ ಆದ್ರೆ ನಾನಂತೂ ಮತ್ತೆ ಬರಲ್ಲ!"

ಅಪ್ಪ ಬಾಗಿಲು ತೆಗೆದು "ಸರಿ, ಇಳಿ" ಎಂದರು.

"ಕಾಲು ತೆಗೀಬಾರದಂತೆ ಅಪ್ಪಾ."

ಅಪ್ಪ ನನ್ನ ಕಾಲು ನೋಡಿದರು, ಎದುರುಮನೆಯವರನ್ನು ನೋಡಿದರು. ಅಜ್ಜಿ ಆಗಲೇ ಹಿಂದಿನ ಸೀಟಿನಲ್ಲಿ ಪಟ್ಟಾಗಿ ಕುಳಿತಿದ್ದರು. "ಹತ್ತೋ, ಹತ್ತಿದ್ದು ಆರಿಹೋಗುತ್ತೆ!" ಎಂದು ಮಗನನ್ನೇ ಗದರಿದರು. ಅಪ್ಪ ತೆಪ್ಪಗೆ ಸುತ್ತಿ ಬಂದು ನನ್ನ ಪಕ್ಕ ಕುಳಿತರು.

ಮೈಸೂರು ರಸ್ತೆಯುದ್ದಕ್ಕೂ ಅವರು ತಮ್ಮ ಕಾಲಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದರು. ಕೆಂಗೇರಿಯಲ್ಲಿ ಎಂಜಿನ್ ನಿಲ್ಲಿಸಲು ಅಜ್ಜಿ ಒಪ್ಪದೆ, ಅತ್ತೆ ಬನ್ನಿ ಎಲೆಯನ್ನೂ ಹೋಳಿಗೆಯನ್ನೂ ಕಿಟಕಿಯಿಂದಲೇ ಕೊಡಬೇಕಾಯಿತು. ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ ನಾನು ಎರಡು ಹೋಳಿಗೆ ತಿಂದೆ. ಅಷ್ಟು ಖುಷಿಯಾಗಿ ನಾನು ಯಾವ ಹಬ್ಬದಲ್ಲೂ ಉಂಡಿಲ್ಲ.

ವಾಪಸ್ ಬಂದು ಅಜ್ಜಿಯನ್ನು ಮನೆ ಮುಂದೆ ಇಳಿಸಿದೆ. ಬ್ಯಾಟರಿಗೆ ಬೇಕಾದಷ್ಟು ಓಡಿ ಆಗಿತ್ತು. "ಇನ್ನು ಆಫ್ ಮಾಡ್ಲಾ ಅಪ್ಪಾ?" ಎಂದೆ.

ಅಪ್ಪ ಇಳಿಯಲಿಲ್ಲ. ರಸ್ತೆಯನ್ನೇ ನೋಡುತ್ತಾ, "ಇನ್ನೂ ಸ್ವಲ್ಪ ಚಾರ್ಜ್ ಆಗ್ಲಿ. ಮಾಗಡಿ ರೋಡ್ ಕಡೆ ಒಂದು ಸುತ್ತು ಹೋಗ್ಬರೋಣ, ನಡಿ" ಎಂದರು.