ಮಾಸಿಯ ಗುರುತು

ಸರಳಾ ಮಾಸಿಯ ಗುರುತು ನನಗಿತ್ತು. ಮಸ್ಕಿಯಲ್ಲಿ, ನನ್ನ ಖಾನಾವಳಿಯ ಬಾಗಿಲಲ್ಲಿ ನಿಂತು, ನಾಲ್ಕು ಜನರೆದುರು ‘ಇಲ್ಲ’ ಎಂದೆನಲ್ಲ — ಅದು ಸುಳ್ಳು. ಬಾಯ್ತಪ್ಪಿ ಬಂದದ್ದಲ್ಲ, ತೂಗಿ ನೋಡಿ ಆಡಿದ ಸುಳ್ಳು.

ಲಿಂಗಸುಗೂರಿನಿಂದ ಸೈಕಲ್ ಮೇಲೆ ಪಾತ್ರೆ ಹೇರಿಕೊಂಡು ಊರೂರು ಮಾರುತ್ತಿದ್ದ ಕಾಲದಲ್ಲಿ, ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ — ಬಂಗಾಲಿ ನಿರಾಶ್ರಿತರ ನೆಲೆ ಅದು — ಜ್ವರ ಬಂದು ಬಿದ್ದೆ. ಬಂಗಾಲಿ ಹೆಂಗಸೊಬ್ಬಳು ಹನ್ನೊಂದು ದಿನ ತನ್ನ ಪಡಸಾಲೆಯಲ್ಲಿ ಮಲಗಿಸಿಕೊಂಡು ಅನ್ನ, ಮೀನಿನ ಸಾರು ಉಣಿಸಿದಳು. ನನ್ನ ಕೊರಳಲ್ಲಿ ಲಿಂಗ. ಮೊದಲ ದಿನ ಅದು ಮೀನೆಂದು ಗೊತ್ತಿರಲಿಲ್ಲ. ಎರಡನೆಯ ದಿನದಿಂದ ಗೊತ್ತಿದ್ದೇ ಉಂಡೆ. ಕ್ಯಾಂಪಿನವರೆಲ್ಲ ಆಕೆಯನ್ನು ಮಾಸಿ ಎನ್ನುತ್ತಿದ್ದರು — ಅವರ ಮಾತಿನಲ್ಲಿ ಚಿಕ್ಕಮ್ಮ. ನಾನೂ ಹಾಗೇ ಕರೆದೆ. ನಮ್ಮಲ್ಲಿ ಬಟ್ಟೆ ಮಾಸಿದೆ ಎನ್ನುವುದರಲ್ಲೂ ಅದೇ ಎರಡು ಅಕ್ಷರ. ಅದರ ಬೇರು ಎಲ್ಲಿಯದೋ, ಇದರ ಬೇರು ಎಲ್ಲಿಯದೋ.

ಹೊಸದಾಗಿ ಅಂಗಡಿ ಹಾಕುವವರಿಗೆ ಇವತ್ತಿಗೂ ಹೇಳುತ್ತೇನೆ: ಬಾಡಿಗೆಯ ಚೌಕಾಸಿ ಆಮೇಲೆ, ಮೊದಲು ಪಕ್ಕದ ಅಂಗಡಿಯವನನ್ನು ಒಲಿಸಿಕೊಳ್ಳಿ. ನಮ್ಮ ಬಜಾರಿನಲ್ಲಿ ಅವನು ಗುರುತಿದೆ ಎಂದರಷ್ಟೇ ಕೀಲಿ ಸಿಗುತ್ತದೆ.

ಎಷ್ಟೋ ವರ್ಷಗಳ ಮೇಲೆ ನನ್ನ ಪಕ್ಕದ ಮಳಿಗೆ ಖಾಲಿಯಾಯಿತು. ಒಂದು ಮಧ್ಯಾಹ್ನ ಮಾಸಿ ಬಂದಳು, ಜೊತೆಗೆ ಮಗಳು. ಮಗಳ ಕೈಯಲ್ಲಿ ಆಗಲೇ ಬರೆಸಿದ ಬೋರ್ಡು — ‘ಮಾಸಿ ಊಟ’. ನನ್ನನ್ನು ನಂಬಿಯೇ ಮಾಸಿ ಬರೆಸಿದ್ದಳು.

ಮಳಿಗೆಯ ಸಾವ್ಕಾರರು ನನ್ನಲ್ಲೇ ಊಟಕ್ಕೆ ಕೂತಿದ್ದರು. “ಅಮರೇಶ, ಈಕಿ ಕ್ಯಾಂಪಿನಾಕಿ ಅಂತ, ನಿನ್ನ ಹೆಸರು ಹೇಳ್ತಾಳ. ನಿನಗ ಗುರ್ತು ಐತೇನಪಾ? ನೀ ಹೂಂ ಅಂದ್ರ ಈಗ ಕೀಲಿ ಕೊಡ್ತೀನಿ.”

ನನ್ನದು ಲಿಂಗಾಯತ ಖಾನಾವಳಿ. ಹೂಂ ಎಂದರೆ ಮುಂದಿನ ಪ್ರಶ್ನೆ ‘ಹೆಂಗ ಗುರ್ತು?’ ಎಂದೇ. ಜೊತೆಗೆ ಗೋಡೆಗೆ ಗೋಡೆ ಹತ್ತಿ ಇನ್ನೊಂದು ಊಟದ ಅಂಗಡಿ... ಆಕೆಯ ಕೈರುಚಿ ನನಗೆ ಗೊತ್ತಿತ್ತಲ್ಲ.

“ಇಲ್ರೀ ಸಾವ್ಕಾರ್ರ. ನನಗೆಲ್ಲಿ ಗುರ್ತು?”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಬೋರ್ಡ್ ನೋಡ್ರಿ, ಮಾಸಿ ಊಟ ಅಂತ. ಮಾಸಿದ್ದು ಯಾರು ಉಣ್ತಾರ್ರೀ?”

“ಮದ್ಲ ತೊಳ್ಕೊಂಡು ಬಾ ಅನ್ರಿ!” ಎಂದ ಒಬ್ಬ. ಎಲ್ಲರೂ ನಕ್ಕರು.

ನಕ್ಕವರಲ್ಲಿ ಆ ಪದದ ಅರ್ಥ ಬಲ್ಲವನು ನಾನೊಬ್ಬನೇ. ಮಾಸಿ ನನ್ನನ್ನೇ ನೋಡಿದಳು. ಒಂದು ಮಾತು ಸಾಕಿತ್ತು — ಇವನಿಗೆ ಮೀನು ಉಣಿಸಿದ್ದೇನೆ ಎಂದರೆ ಮುಗಿಯಿತು. ಸೌಟು ಹಿಡಿದು ನಿಂತೇ ಇದ್ದೆ. ಮಗಳು ಬಾಯಿ ತೆರೆದಳು. ಮಾಸಿ ಅವಳ ಮೊಣಕೈ ಒತ್ತಿ ಹಿಡಿದಳು.

“ನಂದೇ ತಪ್ಪು ರೀ,” ಎಂದಳು ಸಾವ್ಕಾರರಿಗೆ. “ಬೇರೆ ಯಾರೋ ಅಂತ ತಿಳ್ಕೊಂಡೆ. ಇವ್ರಲ್ಲ.”

ಮಗಳ ಕೈಯಿಂದ ಬೋರ್ಡು ತೆಗೆದುಕೊಂಡು, ಅಕ್ಷರಗಳನ್ನು ಎದೆಯ ಕಡೆಗೆ ತಿರುಗಿಸಿಕೊಂಡು ಸಿಂಧನೂರಿನ ಬಸ್ಸು ಹತ್ತಿದಳು.

ತಿಂಗಳೊಳಗೆ ಆ ಮಳಿಗೆಯನ್ನು ನಾನೇ ಹಿಡಿದೆ, ನಡುವಿನ ಗೋಡೆ ಒಡೆಸಿದೆ. ಈಗ ಅಲ್ಲಿ ಆರು ಟೇಬಲ್ಲುಗಳಿವೆ.

ಇವತ್ತು ಮಧ್ಯಾಹ್ನ ಅದೇ ಸಾವ್ಕಾರರ ತಟ್ಟೆಗೆ ರೊಟ್ಟಿ ಹಾಕುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಅವತ್ತಿನ ಕ್ಯಾಂಪಿನಾಕಿ ಗುರ್ತು ಐತ್ರೀ ನನಗ. ಆಕಿ ಕೈಲೆ ಮೀನಿನ ಸಾರು ಉಂಡು ಬದುಕೀನಿ.” ಇಬ್ಬರು ಅರ್ಧ ಊಟಕ್ಕೇ ಕೈ ತೊಳೆದು ಹೋದರು. ಸಾವ್ಕಾರರು, “ಈಗ ಯಾಕ ಹೇಳಾಕತ್ತೀಪಾ?” ಎಂದರು.

ಊರಿಗೆಲ್ಲ ಬುದ್ಧಿ ಹೇಳುವ ನಾನು, ಇನ್ನೊಂದು ರೊಟ್ಟಿ ತರಲು ಒಳಗೆ ಹೋದೆ.

ಮಾಸಿ, ನಾಳೆ ಕ್ಯಾಂಪಿಗೆ ಬರುತ್ತೇನೆ. ಬಾಗಿಲು ತೆಗೆದು, ಇವನ್ಯಾರೋ ನನಗೆ ಗುರುತಿಲ್ಲ ಎಂದು ನೀನು ಅಂದರೆ — ಅನ್ನು. ನಾನು ಎದುರು ಮಾತಾಡುವುದಿಲ್ಲ.