ಎಡಗಡೆಯ ಹಿಂದಿನ ಚಕ್ರ

ಸಿದ್ದರಾಜುವಿನ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿದೆ. ಮಂಡ್ಯದ ಗ್ಯಾರೇಜಿನಲ್ಲಿ ಕೆಲಸ ಕಲಿಯುವಾಗ ಮೇಸ್ತ್ರಿ ಬೀಸಿದ ಸ್ಪ್ಯಾನರಿನಿಂದ ಆದದ್ದು. ಹದಿನೇಳು ತುಂಬಿದ ಮೇಲೆ ಕೆರಗೋಡಿನಿಂದ ಬಸ್ಸು ಹತ್ತಿ ಹೋದವನು ಅಲ್ಲಿ ಆರು ವರ್ಷ ಇದ್ದ. ನಟ್ಟು ತಪ್ಪಿದರೆ ಏಟು, ತಡವಾದರೆ ಏಟು, ಎದುರು ಮಾತಾಡಿದರೆ ಇನ್ನೆರಡು. ಏಟಿನ ಜೊತೆಗೇ ಕೆಲಸವೂ ಮೈಗೆ ಹತ್ತಿತು. ಭಾರತೀನಗರದಲ್ಲಿ, ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ತನ್ನದೇ ಶೆಡ್ಡು ಹಾಕುವ ಹೊತ್ತಿಗೆ ಹೊಡೆಯುವುದು ಅವನಿಗೆ ಮಾತಾಡಿದಷ್ಟೇ ಸಲೀಸಾಗಿತ್ತು. ದಾರಿಗೆ ಅಡ್ಡ ನಿಲ್ಲಿಸಿದ ಕಬ್ಬಿನ ಲಾರಿಯನ್ನು ತೆಗೆಯಲಿಲ್ಲವೆಂದು ಡ್ರೈವರೊಬ್ಬನ ಮುಂದಿನ ಹಲ್ಲು ಉದುರಿಸಿದ್ದ. ಹೆಂಡತಿ ನಾಗರತ್ನಳ ಮೇಲೂ ಎರಡು ಸಲ ಕೈಮಾಡಿದ್ದ. ಮೂರನೆಯ ಸಲ ಅವಳು ಒಲೆಯಿಂದ ಉರಿಯುವ ಕೊಳ್ಳಿ ಹಿರಿದುಕೊಂಡು ಎದುರು ನಿಂತಳು. ಮನೆಯೊಳಗಿನದು ಅಲ್ಲಿಗೆ ನಿಂತಿತು.

ಇಷ್ಟಿದ್ದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು, ಮದ್ದೂರು ಮಳವಳ್ಳಿಯಿಂದಲೂ. ಕಾರಿನಡಿ ಏನೋ ಸೋರುತ್ತಿದೆ, ಎಲ್ಲಿಂದ ಅಂತ ಯಾರಿಗೂ ಗೊತ್ತಾಗುತ್ತಿಲ್ಲ ಅಂದರೆ ಸಿದ್ದರಾಜುವೇ ಆಗಬೇಕು. ಅವನು ಬಂದ ಕೂಡಲೇ ಬಾನೆಟ್ ಎತ್ತುತ್ತಿರಲಿಲ್ಲ. ಕಾರಿನಡಿಗೆ ಒಂದು ರಟ್ಟು ಹಾಸಿ ಟೀ ಕುಡಿಯಲು ಹೋಗುತ್ತಿದ್ದ. ತಿರುಗಿ ಬಂದು ರಟ್ಟಿನ ಮೇಲೆ ಹನಿ ಎಲ್ಲಿ ಬಿದ್ದಿದೆ ಎಂದು ನೋಡಿ, ಬೆರಳಿಗೆ ಹಚ್ಚಿಕೊಂಡು ಉಜ್ಜಿ, ಮೂಸುತ್ತಿದ್ದ. ಕಪ್ಪಗಿದ್ದರೆ ಇಂಜಿನ್ ಆಯಿಲ್. ಹಸಿರಾಗಿ ಸಿಹಿ ವಾಸನೆ ಬಂದರೆ ರೇಡಿಯೇಟರಿನದು. ಬಣ್ಣ, ವಾಸನೆ ಎರಡೂ ಇಲ್ಲದಿದ್ದರೆ ಏಸಿ ನೀರು, ಹೆದರಬೇಕಿಲ್ಲ. ತೆಳು ಹಳದಿಯಾಗಿ, ಚಕ್ರದ ಒಳಮೈ ಹತ್ತಿರ ಬಿದ್ದು, ಬೆರಳ ನಡುವೆ ಜಾರಿದರೆ ಅದು ಬ್ರೇಕ್ ಆಯಿಲ್. ಆಗ ಅವನು ಗಾಡಿಯ ಕೀಲಿ ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೆಲಸ ಮುಗಿಯುವ ತನಕ ಯಾರು ಕೇಳಿದರೂ ಕೊಡುತ್ತಿರಲಿಲ್ಲ.

ಕಳೆದ ವರ್ಷ ಕಬ್ಬು ಅರೆಯುವ ಕಾಲದಲ್ಲಿ ಆದದ್ದು ಇದು. ಅಲ್ಲೇ ಎರಡು ಮೈಲಿ ದೂರದ ಹಳ್ಳಿಯ ಶಿವರಾಜುವಿಗೂ ಅವನ ಚಿಕ್ಕಪ್ಪನ ಮಗ ಚಿಕ್ಕಣ್ಣನಿಗೂ ನಾಲೆ ನೀರಿನ ಸರದಿಯ ಜಗಳವಿತ್ತು. ಶಿವರಾಜು ತನ್ನ ಸರದಿಯಲ್ಲದ ದಿನ ತೂಬಿಗೆ ಕೈಹಾಕಿದ. ಚಿಕ್ಕಣ್ಣ ಗುದ್ದಲಿ ಹಿಡಿದು ಬಂದ. ಬಿಡಿಸಲು ಹೋದವರಿಗೂ ಪೆಟ್ಟಾಯಿತು. ಕೊನೆಗೆ ಚಿಕ್ಕಣ್ಣ ನಾಲೆ ಏರಿಯ ಮೇಲೆ ನಿಂತು, ಊರಿನ ಹತ್ತು ಜನರ ಮುಂದೆ ಕೂಗಿದ. "ಕಾರಲ್ಲಿ ಮೆರೀತೀಯ ಅಲ್ವೇನ್ಲಾ? ಮೆರಿ ಮೆರಿ. ಒಂದಿನ ಆ ಕಾರು ಮನೆ ಸೇರಾಕಿಲ್ಲ, ನೋಡ್ತಿರು."

ಕೋಪದಲ್ಲಿ ಆಡಿದ ಮಾತು. ಎರಡು ದಿನ ಬಿಟ್ಟು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಶಿವರಾಜುವಿನ ಹೆಂಡತಿ ಅಮೃತ, ಕಾರಿನಡಿ ನೆಲ ಒದ್ದೆಯಾಗಿದೆ ಅಂದಳು. ಏಸಿ ನೀರಿರುತ್ತದೆ ಬಿಡು ಅಂದ ಗಂಡ. ಇಬ್ಬರೂ ಮಳವಳ್ಳಿಗೆ, ಅವಳ ತಂಗಿಯ ಮನೆಗೆ ಹೊರಟರು.

ಮಳವಳ್ಳಿ ಇನ್ನೂ ನಾಲ್ಕು ಮೈಲಿ ಇರುವಾಗ ಇಳಿಜಾರಿನ ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮುಂದೆ ನಿಧಾನಕ್ಕೆ ಹೋಗುತ್ತಿತ್ತು. ಶಿವರಾಜು ಬ್ರೇಕ್ ಒತ್ತಿದ. ಪೆಡಲು ಸೀದಾ ನೆಲಕ್ಕಿಳಿಯಿತು. ಮತ್ತೆ ಒತ್ತಿದ, ಅಲ್ಲೇನೂ ಇರಲಿಲ್ಲ. ಸ್ಟೇರಿಂಗ್ ತಿರುಗಿಸಿದರೂ ಕಾರಿನ ಎಡಮೈ ಟ್ರೈಲರಿನ ಹಿಂಬದಿಗೆ ನುಗ್ಗಿತು. ಕಬ್ಬಿನ ಜಲ್ಲೆಗಳು ಗಾಜು ಒಡೆದುಕೊಂಡು ಒಳಗೆ ಬಂದವು. ಒಂದು ಅಮೃತಳ ದವಡೆಗೆ ಬಡಿದು ಮೂಳೆ ಮುರಿಯಿತು. ಬಾಯಿಂದ ರಕ್ತ ಸುರಿಯುತ್ತಿದ್ದ ಅವಳನ್ನು ಜನ ಆಟೋದಲ್ಲಿ ಮಳವಳ್ಳಿ ಆಸ್ಪತ್ರೆಗೆ ಸಾಗಿಸಿದರು. ಶಿವರಾಜುವಿನ ಹಣೆ ಒಡೆದಿತ್ತು. ಅವನು ಆಟೋ ಹತ್ತಲಿಲ್ಲ. ಯಾರದೋ ಬೈಕು ನಿಲ್ಲಿಸಿ ಹಿಂದೆ ಕೂತ. ಬೈಕಿನವನು ಆಸ್ಪತ್ರೆಗೋ ಎಂದು ಕೇಳಿದ್ದಕ್ಕೆ ಊರಿಗೆ ಅಂದನಂತೆ.

ಮನೆಗೆ ಬಂದವನು ಕಬ್ಬು ಕಡಿಯುವ ಮಚ್ಚು ತೆಗೆದುಕೊಂಡ. ಚಿಕ್ಕಣ್ಣ ತನ್ನ ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ಕೇಳುವುದು, ಹೇಳುವುದು ಏನೂ ನಡೆಯಲಿಲ್ಲ. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಚಿಕ್ಕಣ್ಣ ಬಲಗೈ ಅಡ್ಡ ಹಿಡಿದ, ಮೂರು ಬೆರಳು ಮೇವಿನ ಮೇಲೆ ಬಿದ್ದವು. ಅಡುಗೆಮನೆಯಿಂದ ಓಡಿಬಂದ ಅವನ ತಾಯಿ ದೇವಿರಮ್ಮ ಮೂಲೆಯಲ್ಲಿದ್ದ ಹಾರೆಗೋಲನ್ನು ಎರಡೂ ಕೈಯಲ್ಲೆತ್ತಿ ಶಿವರಾಜುವಿನ ಮೊಣಕಾಲಿಗೆ ಹೊಡೆದಳು. ಅರವತ್ತೈದರ ಹೆಂಗಸು, ಒಂದೇ ಏಟಿಗೆ ಮೂಳೆ ಪುಡಿಯಾಯಿತು. ಅವನು ಬಿದ್ದಲ್ಲಿಂದಲೇ, ಬ್ರೇಕ್ ಪೈಪು ಕುಯ್ದವನೆ ಇವನು, ಬ್ರೇಕ್ ಪೈಪು ಕುಯ್ದವನೆ ಎಂದು ಅರಚುತ್ತಿದ್ದ. ಪೊಲೀಸರು ಬರುವ ತನಕ ಅದೊಂದೇ ಮಾತು.

ಕಾರನ್ನು ಎಳೆದು ತಂದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು ಪರೀಕ್ಷೆಗೆ ಬಂದ ದಿನ ಚಕ್ರ ಬಿಚ್ಚಲು ಸಿದ್ದರಾಜುವನ್ನು ಕರೆಸಿದರು. ಎರಡೂ ಕಡೆಯವರು ಗೇಟಿನಾಚೆ ನೆರೆದಿದ್ದರು. ಶಿವರಾಜುವಿನ ತಮ್ಮ ಸಂತೋಷ್ ಹತ್ತಿರ ಬಂದು, ಪೈಪು ಕುಯ್ದಿದ್ದಾರೆ ಅಂತ ಹೇಳಿದರೆ ಅಣ್ಣನ ಕೇಸು ಹಗುರಾಗುತ್ತದೆ, ನೆನಪಿರಲಿ ಎಂದು ಕಿವಿಯಲ್ಲಿ ಹೇಳಿ ಹೋದ.

ಸಿದ್ದರಾಜು ಕಾರಿನಡಿಗೆ ತೂರಿಕೊಂಡು ಪೈಪಿನುದ್ದಕ್ಕೂ ಬಟ್ಟೆ ಸವರಿ ನೋಡಿದ. ಎಲ್ಲೂ ಕುಯ್ದಿರಲಿಲ್ಲ. ಬಟ್ಟೆಗೆ ಎಣ್ಣೆ ಹತ್ತಲಿಲ್ಲ. ಒದ್ದೆ ಇದ್ದದ್ದು ಎಡಗಡೆಯ ಹಿಂದಿನ ಚಕ್ರದ ಒಳಮೈಯಲ್ಲಿ, ಮೇಲಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಇಳಿದಿತ್ತು. ಚಕ್ರ ತೆಗೆದು, ಡ್ರಮ್ಮು ಬಿಚ್ಚಿ, ಒಳಗಿನ ಬ್ರೇಕ್ ಸಿಲಿಂಡರಿನಿಂದ ರಬ್ಬರು ಹೊರತೆಗೆದ. ಅದು ಊದಿಕೊಂಡು, ಅಂಚು ಕಿತ್ತು, ಬೇಯಿಸಿದ ಮಾಂಸದಂತೆ ಮೆತ್ತಗಾಗಿತ್ತು.

ಆ ರಬ್ಬರನ್ನು ಹಾಕಿದವನು ಅವನೇ. ಮೂರು ವಾರದ ಹಿಂದೆ ಶಿವರಾಜು, ಬ್ರೇಕು ಸ್ವಲ್ಪ ಕೆಳಗಿಳಿಯುತ್ತದೆ ನೋಡು ಎಂದು ಗಾಡಿ ಬಿಟ್ಟು ಹೋಗಿದ್ದ. ಅವತ್ತು ಬೆಳಿಗ್ಗೆ ಸಿದ್ದರಾಜು ಪಕ್ಕದ ವೆಲ್ಡಿಂಗ್ ಅಂಗಡಿಯವನ ಜೊತೆ ಹೊಡೆದಾಡಿ ಬಂದಿದ್ದ. ಅವನ ಕತ್ತು ಹಿಸುಕಿ ಬರಬೇಕಿತ್ತು ಎಂಬ ಯೋಚನೆಯಲ್ಲೇ ಕೂತು ಸಿಲಿಂಡರನ್ನೂ ಹೊಸ ರಬ್ಬರನ್ನೂ ಪೆಟ್ರೋಲಿನಲ್ಲಿ ತೊಳೆದು ಜೋಡಿಸಿಬಿಟ್ಟಿದ್ದ. ಬ್ರೇಕಿನ ರಬ್ಬರಿಗೆ ಪೆಟ್ರೋಲು ತಾಗಬಾರದು. ತಾಗಿದರೆ ನಿಧಾನಕ್ಕೆ ಊದಿ, ಕೆಲವು ದಿನ ತಡೆದು ಆಮೇಲೆ ಕೈಬಿಡುತ್ತದೆ. ಮಂಡ್ಯದ ಮೇಸ್ತ್ರಿ ಈ ಪಾಠಕ್ಕೇ ಹುಬ್ಬು ಒಡೆದಿದ್ದ.

"ಯಾರೂ ಕುಯ್ದಿಲ್ಲ ಸಾರ್. ರಬ್ಬರು ಓಗ್ಬುಟ್ಟದೆ," ಎಂದಷ್ಟೇ ಹೇಳಿದ ಇನ್ಸ್‌ಪೆಕ್ಟರಿಗೆ. ಅವರೂ ತಿರುಗಿಸಿ ನೋಡಿ, ಹಾಗೇ ಬರೆದುಕೊಂಡರು. ರಬ್ಬರು ಯಾಕೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಗೇಟಿನ ಬಳಿ ದೇವಿರಮ್ಮ ಅವನ ಕಾಲಿಗೆ ಬಿದ್ದಳು. ತಡೆಯಲು ಹೋದರೂ ಬಿಡಲಿಲ್ಲ. "ನನ್ ಮಗ ಕುಯ್ದಿಲ್ಲ ಅಂದ್ಯಲ್ಲ ಕಣಪ್ಪ, ನೀನು ತಣ್ಣಗಿರು," ಅಂದಳು.

ಅವನಿಗೆ ಆಮೇಲೆ ಊಟ ಸೇರಲಿಲ್ಲ. ಶೆಡ್ಡಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ನಾಲ್ಕನೆಯ ದಿನ ನಾಗರತ್ನ ಕೇಳಿದಳು, ಅವನು ಹೇಳಿದ. ಶಿವರಾಜುವಿನ ಮನೆಯವರಿಗೆ ಹೇಳಿದರೆ ಹೊಡೀತಾರೆ ಅಂದಳು. ಹೊಡೀತಾರೆ ಅಂದ ಅವನೂ. ಎದ್ದು ಅವನ ಚಪ್ಪಲಿ ತಂದು ಮುಂದಿಟ್ಟಳು.

ಮೊದಲು ಠಾಣೆಗೆ ಹೋಗಿ ಹೇಳಿಕೆ ಬರೆಸಿದ. ಅಲ್ಲಿಂದ ನೇರ ಶಿವರಾಜುವಿನ ಮನೆಗೆ ಹೋದ. ಜಗುಲಿಯಲ್ಲಿ ಸಂತೋಷ್ ಇದ್ದ. ಆಸ್ಪತ್ರೆಯಿಂದ ಬಂದಿದ್ದ ಅಮೃತ ಒಳಬಾಗಿಲಲ್ಲಿ ಕೂತಿದ್ದಳು, ದವಡೆಗೆ ತಂತಿ ಬಿಗಿದಿತ್ತು. ಸಿದ್ದರಾಜು ನಿಂತುಕೊಂಡೇ ಹೇಳಿದ. "ತಪ್ಪು ನಂದು ಕಣ್ಲಾ ಸಂತೋಸ. ಪೆಟ್ರೋಲಲ್ಲಿ ತೊಳೆದಾಕ್ಬುಟ್ಟೆ. ಚಿಕ್ಕಣ್ಣ ನಿಮ್ ಕಾರಿನ ತಂಟೆಗೇ ಬಂದಿಲ್ಲ."

ಸಂತೋಷನ ಕೈಗೆ ಮೊದಲು ಸಿಕ್ಕಿದ್ದು ಗೋಡೆಗೆ ಒರಗಿಸಿದ್ದ ನೇಗಿಲ ನೊಗ. ಅದು ಸಿದ್ದರಾಜುವಿನ ಪಕ್ಕೆಗೆ ಬಿತ್ತು. ಇವನ ಮುಷ್ಟಿ ತಾನಾಗಿಯೇ ಎದ್ದು ಸಂತೋಷನ ಮೂಗಿಗೆ ಬಡಿಯಿತು. ಮೂವತ್ತು ವರ್ಷದ ಅಭ್ಯಾಸ ಅದು. ರಕ್ತ ಕಂಡ ಮೇಲೆ ಮುಷ್ಟಿ ಬಿಚ್ಚಿ ಕೈ ಇಳಿಬಿಟ್ಟ. ಆಮೇಲಿನ ಏಟುಗಳನ್ನೆಲ್ಲ ತಿಂದ. ನೊಗ ಬಿಟ್ಟು ಸಂತೋಷ್ ಕಾಲಲ್ಲಿ ಒದೆಯತೊಡಗಿದ. ನೆರೆಯವರು ಬಂದು ಹಿಡಿಯುವಷ್ಟರಲ್ಲಿ ಮೂರು ಪಕ್ಕೆಲುಬು ಮುರಿದಿದ್ದವು, ಎಡಗಿವಿಯಿಂದ ರಕ್ತ ಬರುತ್ತಿತ್ತು. ಆ ಕಿವಿ ಈಗಲೂ ಸರಿಯಾಗಿ ಕೇಳುವುದಿಲ್ಲ.

ಸಂತೋಷನ ಮೇಲೆ ದೂರು ಕೊಡುತ್ತೀಯಾ ಎಂದು ಪೊಲೀಸರು ಆಸ್ಪತ್ರೆಗೆ ಬಂದು ಕೇಳಿದರು. ಬೇಡ ಅಂದ. ಅಜಾಗರೂಕತೆಗೆಂದು ಸಿದ್ದರಾಜುವಿನ ಮೇಲೆಯೇ ಕೇಸಾಯಿತು. ಶೆಡ್ಡು ಮುಚ್ಚಿದ. ಅವನು ಹೇಳಿದ್ದು ಊರೂರಿಗೆ ಹರಡಿ, ಒಂದು ಗಾಡಿಯೂ ಬಾಗಿಲಿಗೆ ಬರದಂತಾಗಿತ್ತು. ಈಗ ಮದ್ದೂರಿನಲ್ಲಿ ಬೇರೆಯವರ ವರ್ಕ್‌ಶಾಪಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಇನ್ನೊಬ್ಬ ಮೆಕ್ಯಾನಿಕ್ ನೋಡಿ ಒಪ್ಪದೆ ತಾನು ಬ್ರೇಕ್ ರಿಪೇರಿ ಮಾಡಿದ ಯಾವ ಗಾಡಿಯನ್ನೂ ಹೊರಗೆ ಬಿಡುವುದಿಲ್ಲ. ಮೊನ್ನೆ ಅಲ್ಲಿ ಗಿರಾಕಿಯೊಬ್ಬ ಕೊರಳಪಟ್ಟಿ ಹಿಡಿದಾಗ ಸುಮ್ಮನೆ ನಿಂತಿದ್ದನಂತೆ. ಆದರೆ ಬೆವರಿ ಅಂಗಿ ಒದ್ದೆಯಾಗಿತ್ತು ಎಂದು ನೋಡಿದವರು ಹೇಳಿದರು.

ಶಿವರಾಜುವಿಗೆ ಆರು ತಿಂಗಳ ಮೇಲೆ ಜಾಮೀನು ಸಿಕ್ಕಿತು, ಕೋಲೂರಿಕೊಂಡು ನಡೆಯುತ್ತಾನೆ. ಚಿಕ್ಕಣ್ಣ ಎಡಗೈಯಲ್ಲಿ ಹಾಲು ಕರೆಯುವುದನ್ನು ಕಲಿತಿದ್ದಾನೆ. ಎರಡು ಮನೆಗಳ ನಡುವೆ ಮಾತಿಲ್ಲ. ನೀರಿನ ಸರದಿಯನ್ನು ಮಾತ್ರ ಇಬ್ಬರೂ ತಪ್ಪದೆ ಪಾಲಿಸುತ್ತಾರೆ.

ಮಂಡ್ಯದ ಕೋರ್ಟಿನಲ್ಲಿ ಸಿದ್ದರಾಜು ಸಾಕ್ಷಿ ಹೇಳಿದ ದಿನ ಅಮೃತ ಹೊರಗಿನ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಅವನು ದೂರದಿಂದಲೇ ಕೈಮುಗಿದು, ನನ್ನಿಂದಾಗಿ ನಿಮ್ಮ ಮನೆ ಹಾಳಾಯಿತು ಅಂದ. ದವಡೆ ಪೂರ್ತಿ ತೆರೆಯದಿದ್ದರಿಂದ ಅವಳ ಮಾತು ತೊದಲುತ್ತಿತ್ತು.

"ನನ್ ದವಡೆ ಮುರಿದದ್ದು ನೀವೇಯ. ಅದನ್ನ ಸಾಯೋಗಂಟ ಮರೆಯಾಕಿಲ್ಲ," ಅಂದಳು. "ಆದ್ರೆ ಮಚ್ಚು ಎತ್ಕೊಂಡೋದೋರು ನಮ್ಮನೆಯೋರು. ನನ್ನ ಆಟೋದಲ್ಲಿ ಬುಟ್ಟು ಅಲ್ಲಿಗೋದ್ರಲ್ಲ, ಅದನ್ನ ಯಾವ ರಬ್ಬರಿನ ಮೇಲೆ ಆಕನ?"

ಅಷ್ಟರಲ್ಲಿ ಒಳಗಿನಿಂದ ಶಿವರಾಜುವಿನ ಹೆಸರು ಕೂಗಿದರು. ಅಮೃತ ಸೆರಗು ಸರಿಮಾಡಿಕೊಂಡು, ಕೋಲೂರಿಕೊಂಡು ಬರುತ್ತಿದ್ದ ಗಂಡನಿಗೆ ಕಾಯದೆ ಮೆಟ್ಟಿಲು ಹತ್ತಿದಳು.